ಬುಧವಾರ ಮಧ್ಯಾಹ್ನದ ಉಟ್ರೆಕ್ಟ್

ಉಟ್ರೆಕ್ಟಿಗೆ ಹೋದ ಮೊದಲ ವಾರವೇ ನಾನೊಂದು ತಪ್ಪು ಮಾಡಿದೆ. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಮೀಟಿಂಗ್ ಇಟ್ಟೆ. ಎಂಟು ಜನರಲ್ಲಿ ಐದು ಜನ ಬರುವುದಿಲ್ಲ ಎಂದರು. ತಂಡದ ಮುಖ್ಯಸ್ಥ ಕಳಿಸಿದ್ದು ಒಂದೇ ಸಾಲು: 'ಬುಧವಾರ ನನ್ನ ಪಾಪಾದಾಖ್.' ಹಾಗೆಂದರೆ ಅಪ್ಪನ ದಿನ. ವಾರದಲ್ಲಿ ಒಂದು ದಿನ ಅವನು ಕೆಲಸಕ್ಕೆ ಬರುವುದಿಲ್ಲ, ಮಕ್ಕಳ ಜೊತೆ ಮನೆಯಲ್ಲಿರುತ್ತಾನೆ.

2023ರ ಫೆಬ್ರವರಿಯಲ್ಲಿ ಆರು ತಿಂಗಳ ಪ್ರಾಜೆಕ್ಟಿಗೆಂದು ಪುಣೆಯಿಂದ ನೆದರ್‌ಲ್ಯಾಂಡ್ಸಿಗೆ ಹೋಗಿದ್ದೆ. ಜ್ವರ ಬಂದರೂ ಕಾಲ್‌ಗೆ ಸೇರುವ ಮ್ಯಾನೇಜರುಗಳ ನಡುವೆ ಬೆಳೆದವನು ನಾನು. ಮನಸ್ಸಿನಲ್ಲೇ 'ಸೋಮಾರಿ' ಎಂದುಕೊಂಡೆ.

ಮೀಟಿಂಗ್ ರದ್ದಾಯಿತಲ್ಲ, ಊರು ನೋಡೋಣವೆಂದು ಹೊರಬಿದ್ದೆ. ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ಹಿಡಿಸುವ ಮೂರು ಅಂತಸ್ತಿನ ನಿಲುಗಡೆ. ಅದನ್ನು ದಾಟಿ ಹಳೆಯ ಕಾಲುವೆ ಔದೆಖ್ರಾಖ್ಟ್ ಕಡೆಗೆ ನಡೆದೆ. ಅಲ್ಲಿ ರಸ್ತೆಯ ಮಟ್ಟಕ್ಕಿಂತ ಕೆಳಗೆ, ನೀರಿನ ಅಂಚಿಗೇ, ಹಿಂದಿನ ಕಾಲದ ಉಗ್ರಾಣಗಳು ಈಗ ಹೋಟೆಲುಗಳಾಗಿವೆ. 112 ಮೀಟರ್ ಎತ್ತರದ ಡೋಮ್ ಗೋಪುರ ಆಗ ದುರಸ್ತಿಯ ಸಾರುವೆಯೊಳಗೆ ಅಡಗಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಮಕ್ಕಳು. ಬುಧವಾರ ಅಲ್ಲಿನ ಅನೇಕ ಪ್ರಾಥಮಿಕ ಶಾಲೆಗಳು ಮಧ್ಯಾಹ್ನವೇ ಬಿಡುತ್ತವೆ. ಮುಂದೆ ಮರದ ಪೆಟ್ಟಿಗೆಯಿರುವ ಸೈಕಲ್ಲಿನಲ್ಲಿ ಎರಡೆರಡು ಮಕ್ಕಳನ್ನು ಕೂರಿಸಿಕೊಂಡು ಅಮ್ಮಂದಿರು ಹೋಗುತ್ತಿದ್ದರು. ಅಪ್ಪಂದಿರೂ ಕಡಿಮೆಯಿರಲಿಲ್ಲ. ಅವರಲ್ಲಿ ನಮ್ಮ 'ಸೋಮಾರಿ'ಯೂ ಸಿಕ್ಕ. ಮಗಳನ್ನು ಈಜಿನ ತರಗತಿಗೆ ಬಿಡಲು ಹೊರಟಿದ್ದ, ಕೈಬೀಸಿ ಹೋದ.

ಮರುದಿನ ಊಟದ ಹೊತ್ತಿನಲ್ಲಿ ಅವನೇ ವಿವರಿಸಿದ. ವಾರಕ್ಕೆ 40ರ ಬದಲು 32 ಗಂಟೆ ಕೆಲಸ, ಐದರಲ್ಲಿ ನಾಲ್ಕು ಪಾಲು ಸಂಬಳ. ಪಿಂಚಣಿ, ರಜೆ ಎಲ್ಲವೂ ಅದೇ ಲೆಕ್ಕದಲ್ಲಿ. ಮುಖ್ಯಸ್ಥನ ಹುದ್ದೆ ಮಾತ್ರ ಪೂರ್ತಿಯಾಗಿ ಅವನದೇ.

ಅಲ್ಲಿ ದುಡಿಯುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಗಂಡಸರಲ್ಲೂ ಕಾಲು ಭಾಗದಷ್ಟು ಮಂದಿ ಪಾರ್ಟ್‌ಟೈಮ್. ಇದು ಒಂದೇ ದಿನದಲ್ಲಿ ಆದದ್ದಲ್ಲ. 1982ರಲ್ಲಿ, ನಿರುದ್ಯೋಗ ವಿಪರೀತವಾಗಿದ್ದಾಗ, ವಾಸೆನಾರ್ ಎಂಬಲ್ಲಿ ಕಾರ್ಮಿಕ ಸಂಘಗಳೂ ಮಾಲೀಕರೂ ಒಂದು ಒಪ್ಪಂದಕ್ಕೆ ಬಂದರು. ಸಂಬಳ ಏರಿಸಿ ಎಂದು ಪಟ್ಟು ಹಿಡಿಯುವುದಿಲ್ಲ, ಬದಲಿಗೆ ಕೆಲಸದ ಹೊತ್ತು ಕಡಿಮೆ ಮಾಡಿ, ಇರುವ ಕೆಲಸ ಹೆಚ್ಚು ಜನಕ್ಕೆ ಹಂಚೋಣ ಎಂದು. ಗಂಟೆ ಕಡಿಮೆಯೆಂಬ ಕಾರಣಕ್ಕೆ ನೌಕರರಲ್ಲಿ ಭೇದ ಮಾಡಬಾರದೆಂಬ ಕಾನೂನು 1996ರಲ್ಲಿ ಬಂತು. ಗಂಟೆ ಕಡಿಮೆ ಮಾಡಿಕೊಡಿ ಎಂದು ಕೇಳುವ ಹಕ್ಕು 2000ದಲ್ಲಿ ಬಂತು. 2016ರಿಂದ ಅದು ಇನ್ನಷ್ಟು ವಿಸ್ತಾರವಾಗಿದೆ. ಕನಿಷ್ಠ ಹತ್ತು ಜನರಿರುವ ಕಂಪನಿಯಲ್ಲಿ ಅರ್ಧ ವರ್ಷ ಕೆಲಸ ಮಾಡಿದವರು ಅರ್ಜಿ ಹಾಕಬಹುದು. ಬೇಡ ಎನ್ನಬೇಕಾದರೆ ಕಂಪನಿ ಬಲವಾದ ಕಾರಣ ಕೊಡಬೇಕು. ಸಕಾಲಕ್ಕೆ ಉತ್ತರಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ.

ಹಾಗೆಂದು ಅದೇನೂ ಸ್ವರ್ಗವಲ್ಲ. ನಮ್ಮ ತಂಡದಲ್ಲಿ ವಾರಕ್ಕೆ ಮೂರು ದಿನ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ನಕ್ಕು ಹೇಳಿದಳು: 'ಗಂಡಸು ಒಂದು ದಿನ ಬಿಟ್ಟರೆ ಅದಕ್ಕೊಂದು ಹೆಸರಿದೆ, ಪಾಪಾದಾಖ್. ನಾನು ಎರಡು ದಿನ ಬಿಟ್ಟಿದ್ದೇನೆ. ಅದು ಬರೀ ಗುರುವಾರ, ಶುಕ್ರವಾರ.' 1950ರ ದಶಕದವರೆಗೂ ಆ ದೇಶದಲ್ಲಿ ಸರ್ಕಾರಿ ನೌಕರಿಯ ಹೆಣ್ಣುಮಕ್ಕಳು ಮದುವೆಯಾದರೆ ಕೆಲಸ ಬಿಡಬೇಕಿತ್ತು. ಅವಳ ತಾಯಿ ಕಂಡದ್ದು ಆ ಕಾಲ. ಕಡಿಮೆ ಗಂಟೆ ದುಡಿದವಳಿಗೆ ಮುಪ್ಪಿನಲ್ಲಿ ಪಿಂಚಣಿಯೂ ಕಡಿಮೆ ಎಂಬುದನ್ನು ಅವಳು ನಗದೆ ಹೇಳಿದಳು.

ಪದ ಒಂದೇ ಆದರೂ ದೇಶ ಬದಲಾದರೆ ಅರ್ಥ ಬದಲಾಗುತ್ತದೆ. ಪಕ್ಕದ ಜರ್ಮನಿಯಲ್ಲಿ 'ಮಿನಿ ಜಾಬ್' ಇದೆ. ನಾನಿದ್ದಾಗ ಅದರ ಮಿತಿ ತಿಂಗಳಿಗೆ 520 ಯೂರೋ. ಕೈಗೆ ಬರುವುದರಲ್ಲಿ ಹೆಚ್ಚು ಕಡಿತವಿಲ್ಲದಷ್ಟು ಸರಳ, ಆದರೆ ಬೇಡವೆಂದರೆ ಪಿಂಚಣಿ ವಂತಿಗೆಯಿಂದಲೂ ಹೊರಗುಳಿಯಬಹುದಾದ್ದರಿಂದ ಮುಂದಕ್ಕೆ ಉಳಿಯುವುದು ಅಲ್ಪ. ಜಪಾನಿನವರು ಜರ್ಮನರ 'ಆರ್ಬೈಟ್' ಪದವನ್ನೇ ತೆಗೆದುಕೊಂಡು ವಿದ್ಯಾರ್ಥಿಗಳ ಬಿಡುವಿನ ಕೆಲಸಕ್ಕೆ 'ಅರುಬೈತೊ' ಎಂದು ಹೆಸರಿಟ್ಟಿದ್ದಾರೆ. ಉಟ್ರೆಕ್ಟಿನಲ್ಲಿ ಓದುವ ನಮ್ಮ ಹುಡುಗರಿಗೆ ಓದಿನ ದಿನಗಳಲ್ಲಿ ವಾರಕ್ಕೆ 16 ಗಂಟೆ ಕೆಲಸಕ್ಕಷ್ಟೇ ಅನುಮತಿ. ಮಳೆಯಲ್ಲಿ ಸೈಕಲ್ ಮೇಲೆ ಊಟ ತಲುಪಿಸುವ ಅವರನ್ನು ಕಂಡಾಗ ನನ್ನ ಚಿಕ್ಕಪ್ಪ ನೆನಪಾಗುತ್ತಿದ್ದರು. ಹಗಲೆಲ್ಲ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದವರು ಅವರು. ಮುಂಬಯಿಯ ಆ ತಲೆಮಾರಿಗೆ ಕೆಲಸ ಯಾವತ್ತೂ ಪೂರ್ಣಕಾಲ. ಪಾರ್ಟ್‌ಟೈಮ್ ಆಗಿದ್ದು ಓದು, ನಿದ್ದೆ.

ಆ ದೇಶದಲ್ಲಿ ಹೊಸಬರನ್ನು 'ಏನು ಕೆಲಸ' ಎಂದು ಕೇಳಿದ ಮೇಲೆ ಮುಂದಿನ ಪ್ರಶ್ನೆ 'ಎಷ್ಟು ದಿನ' ಎಂಬುದು. ಮೇ ತಿಂಗಳಲ್ಲೊಮ್ಮೆ ನನ್ನನ್ನೂ ಕೇಳಿದರು: 'ನಿಮ್ಮ ಮನೆಯವರು ಎಷ್ಟು ದಿನ ಕೆಲಸ ಮಾಡ್ತಾರೆ?'

'ಹಾಗೇ ಸುಮ್ನೆ, ಪಾರ್ಟ್‌ಟೈಮ್' ಎಂದೆ. 'ಸುಮ್ನೆ' ಅಂದರೇನು ಎಂದು ಆತನಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಲು ನನಗೂ ಬಾಯಿ ಬರಲಿಲ್ಲ.

ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಎಂ.ಟೆಕ್ ಮಾಡಿದವರು. ಅಂಕ ಅವಳದೇ ಹೆಚ್ಚು. ಮಗ ಹುಟ್ಟಿದ ಮೇಲೆ ಅವಳು ತನ್ನ ಕಂಪನಿಯಲ್ಲಿ ವಾರಕ್ಕೆ ಮೂರು ದಿನ ಕೆಲಸ ಕೇಳಿದಳು. 'ಸಿಸ್ಟಮ್‌ನಲ್ಲಿ ಅಂಥ ಆಯ್ಕೆಯೇ ಇಲ್ಲ ಮೇಡಂ' ಎಂದರು. ಹಾಗೆ ಕೇಳುವ ಹಕ್ಕು ಕೊಡುವ ಕಾನೂನು ನಮ್ಮಲ್ಲಿಲ್ಲ. ರಾಜೀನಾಮೆ ಕೊಟ್ಟಳು. ಈಗ ಪುಣೆಯ ಒಂದು ಕಾಲೇಜಿನಲ್ಲಿ ಕ್ಲಾಕ್ ಅವರ್ ಬೇಸಿಸ್ ಮೇಲೆ ಪಾಠ ಹೇಳುತ್ತಾಳೆ. ತಾಸಿನ ಲೆಕ್ಕದಲ್ಲಿ ದುಡ್ಡು. ಉತ್ತರಪತ್ರಿಕೆ ತಿದ್ದುವುದು, ಪಾಠ ತಯಾರಿಸುವುದು ಲೆಕ್ಕಕ್ಕಿಲ್ಲ. ಮೇ ತಿಂಗಳಲ್ಲಿ ಪಾಠವಿಲ್ಲ, ಹಾಗಾಗಿ ಪಗಾರವೂ ಇಲ್ಲ. ಅದೇ ಮೇ ತಿಂಗಳಲ್ಲಿ ಉಟ್ರೆಕ್ಟಿನ ನನ್ನ ಸಹೋದ್ಯೋಗಿಗಳ ಖಾತೆಗೆ ರಜೆಯ ಹಣವೆಂದು ವರ್ಷದ ಸಂಬಳದ ನೂರಕ್ಕೆ ಎಂಟು ಭಾಗ ಬಂದಿತ್ತು. ವಾರಕ್ಕೆ ಮೂರು ದಿನ ಬರುವವಳಿಗೂ ಬಂದಿತ್ತು.

ಆ ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, 'ಕಾನೂನು ಇಲ್ಲ, ಸರಿ. ಆದರೆ ಮೂರು ದಿನ ಕೇಳಿದ್ದು ನಾನು. ನಾಲ್ಕು ದಿನ ಸಾಕು ಅಂತ ನೀನು ಯಾಕೆ ಕೇಳಲಿಲ್ಲ?' ಎಂದಳು. ಕೇಳಬಹುದೆಂಬುದು ಆಗ ನನ್ನ ತಲೆಗೇ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಗಂಟೆಗಳ ಬಗ್ಗೆ ನಮ್ಮ ಮನೆಯಲ್ಲಿ ಯಾವತ್ತೂ ಚರ್ಚೆಯೇ ಆಗಿರಲಿಲ್ಲ.

ಆಗಸ್ಟಿನಲ್ಲಿ ಪುಣೆಗೆ ವಾಪಸಾದೆ. ಮೊದಲ ಬೆಳಿಗ್ಗೆ ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವರು ಮನೆಗೆಲಸದ ಬಾಯಿ. ಕಲಬುರಗಿ ಕಡೆಯವರು, ಕನ್ನಡದವರೇ. ನಮ್ಮ ಸೊಸೈಟಿಯಲ್ಲಿ ಎಲ್ಲರೂ ಅವರನ್ನು 'ಪಾರ್ಟ್‌ಟೈಮ್ ಬಾಯಿ' ಎನ್ನುತ್ತಾರೆ. ಆರು ಮನೆ, ಒಂದೊಂದರಲ್ಲಿ ಒಂದೂವರೆ ತಾಸು. ದಿನಕ್ಕೆ ಒಂಬತ್ತು ತಾಸು, ವಾರಕ್ಕೆ ಏಳು ದಿನ, ಅಂದರೆ 63 ತಾಸು. ನಮ್ಮ ತಂಡದ ಮುಖ್ಯಸ್ಥನ ಪೂರ್ಣ ಹುದ್ದೆಯ ಹೆಚ್ಚುಕಡಿಮೆ ಎರಡು ಪಟ್ಟು. ಆದರೂ ನಮ್ಮ ಬಾಯಲ್ಲಿ ಅವರು ಪಾರ್ಟ್‌ಟೈಮ್! ತಿಂಗಳಿಗೆ ಒಂದು ಸೂಟಿ ಮಾಫಿ, ಎರಡನೆಯದಕ್ಕೆ ಪಗಾರ ಕಡಿತ. ಕಡಿದ ಲೆಕ್ಕವನ್ನು ಮೊಬೈಲಿನಲ್ಲಿ ಬರೆದಿಡುತ್ತಿದ್ದವನು ನಾನೇ.

ಡಚ್ಚರ ಕಾನೂನಿನಲ್ಲಿ, ವಾರಕ್ಕೆ ಎಷ್ಟು ಗಂಟೆ ಕೆಲಸವೋ ಅದರ ನಾಲ್ಕು ಪಟ್ಟು ಗಂಟೆ ವರ್ಷದಲ್ಲಿ ಪಗಾರಿ ರಜೆ ಕೊಡಲೇಬೇಕು. ನಮ್ಮ ಮನೆಯ ಲೆಕ್ಕಕ್ಕೆ ಅದು 28 ದಿನ. ಹೆಂಡತಿಯೂ ನಾನೂ ಮಾತಾಡಿಕೊಂಡು ಹಾಗೆಯೇ ಮಾಡಿದೆವು. ದೀಪಾವಳಿಗೆ ಒಂದು ತಿಂಗಳ ಪಗಾರ ಹೆಚ್ಚು ಕೊಡುವುದು ಪುಣೆಯ ಎಷ್ಟೋ ಮನೆಗಳಲ್ಲಿ ಮೊದಲಿನಿಂದಲೂ ರೂಢಿ. ಅದು ವರ್ಷದ ಗಳಿಕೆಯ ನೂರಕ್ಕೆ ಎಂಟಕ್ಕಿಂತ ತುಸು ಹೆಚ್ಚೇ ಆಯಿತು. ಆದರೆ ಅವರಲ್ಲಿ ಹಕ್ಕು, ನಮ್ಮಲ್ಲಿ ಖುಷಿ. ಕೊಡುವವನ ಖುಷಿ.

ಬಾಯಿಗೆ ವಿಷಯ ಹೇಳಿದಾಗ ಅವರು ನಂಬಲಿಲ್ಲ. 'ಕೆಲಸದಿಂದ ತೆಗಿತೀರೇನ್ರಿ ಅಣ್ಣಾರ?' ಎಂದು ಕೇಳಿದರು. ಮುಂದಿನ ವರ್ಷ ಶರಣಬಸವೇಶ್ವರ ಜಾತ್ರೆಗೆ ಹತ್ತು ದಿನ ಊರಿಗೆ ಹೋಗಿ ಬಂದರು. ತಿಂಗಳ ಕೊನೆಗೆ ಪೂರ್ತಿ ಪಗಾರ ಎಣಿಸಿ ನೋಡಿ, 'ಉಳಿದ ಐದು ಮನಿಯಾಗ ಕಡದಾರ್ರಿ' ಎಂದರು. ದೂರಲಿಲ್ಲ, ಇದ್ದದ್ದು ಹೇಳಿದರು.

ನಾನೂ ಆಫೀಸಿನಲ್ಲಿ ವಾರಕ್ಕೆ ನಾಲ್ಕು ದಿನ ಕೇಳಿದೆ. 'ಆರೋಗ್ಯ ಸರಿ ಇದೆಯಲ್ಲ?' ಎಂದು ಮ್ಯಾನೇಜರು ಕಾಳಜಿಯಿಂದ ವಿಚಾರಿಸಿದರು. ಅರ್ಜಿ ಅಲ್ಲೇ ಇದೆ. ಸದ್ಯಕ್ಕೆ ಬುಧವಾರ ಮಧ್ಯಾಹ್ನ ನನ್ನ ಕ್ಯಾಲೆಂಡರಿನಲ್ಲಿ ಮೀಟಿಂಗ್ ಇಡಲು ಆಗದಂತೆ ಎರಡು ತಾಸು ಕಟ್ಟಿಹಾಕಿದ್ದೇನೆ. ಮಗನನ್ನು ಈಜಿಗೆ ಕರೆದೊಯ್ಯುವುದು ಈಗ ನನ್ನ ಕೆಲಸ. ಅವನ ತಾಯಿ ಆ ಎರಡು ತಾಸು ಉತ್ತರಪತ್ರಿಕೆ ತಿದ್ದುತ್ತಾಳೆ.