ಹಲ್ಲು ನೋಡಿ ಬೆಲೆ ಕಟ್ಟುವುದು

ಐವತ್ತು ವರ್ಷ ದಾಟಿದ, ಇಬ್ಬರು ಮಾತ್ರ ಕೂಡಬಲ್ಲ, ಮಳೆ ಬಂದರೆ ಅಂಚಿನಲ್ಲಿ ನೀರು ಸೋರುವ ಒಂದು ಕಾರಿಗೆ ಎಷ್ಟು ಹಣ ಕೊಡುವುದು ಯೋಗ್ಯ? ಈ ಪ್ರಶ್ನೆ ನಮ್ಮ ಎದುರಿಗೆ ಬಂದದ್ದು ನಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಜತ್ತದಿಂದ ಸಾವಿರಾರು ಮೈಲು ದೂರದ ಆಕ್ಸ್‌ಫರ್ಡ್ ಸೀಮೆಯಲ್ಲಿ. ಸ್ಮರಣ ಸಂಚಿಕೆಯ ಸಂಪಾದಕರು ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯ ಕುರಿತು ಬರೆಯಬೇಕೆಂದು ಸೂಚಿಸಿದ್ದರು. ಅದನ್ನು ಹಿಂದಿನ ಸಂಚಿಕೆಗಳಲ್ಲಿ ಹಲವು ಸಲ ಬರೆದಿದ್ದೇವೆ. ಸ್ಥಿತಿಯೂ ಬದಲಾಗಿಲ್ಲ, ನಮ್ಮ ವಾಕ್ಯಗಳೂ ಬದಲಾಗಿಲ್ಲ. ಆದ್ದರಿಂದ ಅವರ ಅನುಮತಿ ಪಡೆದು ಈ ಸಲ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ.

ನಮ್ಮ ಕಿರಿಯ ಮಗಳೂ ಅಳಿಯಂದಿರೂ ಅಲ್ಲಿ ನೆಲೆಸಿ ಹನ್ನೆರಡು ವರ್ಷಗಳಾದವು. ಅಳಿಯಂದಿರು ಇಂಜಿನಿಯರು, ಮಿತಭಾಷಿಗಳು, ದುಂದುವೆಚ್ಚದವರಲ್ಲ. ಅವರಿಗೆ ವಿದ್ಯಾರ್ಥಿ ದೆಸೆಯಿಂದ ಒಂದೇ ಆಸೆ: ಎಂ.ಜಿ.ಬಿ. ಎಂಬ ಹಳೆಯ ಸ್ಪೋರ್ಟ್ಸ್ ಕಾರು. ಕೂಡಿಟ್ಟ ಹಣ 12,000 ಪೌಂಡು. ನಾವು ಹೋಗಿ ಇಳಿದ ವಾರದಲ್ಲಿಯೇ ಈ ಮಾತು ಊಟದ ಮೇಜಿಗೆ ಬಂದಿತು.

"ಅಪ್ಪಾ, ಮನಿ ಮ್ಯಾಲಿನ ಹಂಚು ಬದಲಿ ಮಾಡೂದೈತಿ. ಮಳಿಗಾಲ ಅಂದ್ರ ಇಲ್ಲಿ ವರ್ಷಪೂರ್ತಿ. ಆ ರೊಕ್ಕ ಅದಕ್ಕಂತ ಇಟ್ಟದ್ದು" ಎಂದಳು ಮಗಳು.

"ಮಾವಾರ, ಎರಡೂ ಆಗ್ತಾವ್ರಿ. ನೀವ ಒಂದ್ ಮಾತು ಹೇಳ್ರಿ" ಎಂದರು ಅಳಿಯಂದಿರು.

ಅಳಿಯನ ಮನೆಯಲ್ಲಿ ಉಂಡು ಕುಳಿತ ಮಾವನು ಯಾರ ಪಕ್ಷ ಹಿಡಿದರೂ ಕಷ್ಟ. ಮೂವತ್ತೈದು ವರ್ಷ ಶಾಲೆಯಲ್ಲಿ ಪಾಲಕರ ನಡುವೆ ಪಂಚಾಯಿತಿ ಮಾಡಿದ ಅನುಭವದಿಂದ ನಾವು ಇಷ್ಟೇ ಹೇಳಿದೆವು: "ಕೊಳ್ಳುವುದು ಬಿಡುವುದು ನಿಮ್ಮಿಬ್ಬರಿಗೆ ಸೇರಿದ ಮಾತು. ಬೆಲೆ ಎಷ್ಟೆಂದು ತಿಳಿಯದೆ ಬೇಕು ಬೇಡ ಎಂದು ವಾದಿಸಿ ಫಲವಿಲ್ಲ. ಮೊದಲು ಲೆಕ್ಕ ಬರೆಯಿರಿ." ಹಂಚಿನ ಕೆಲಸಕ್ಕೆ ಗುತ್ತಿಗೆದಾರನು ಹೇಳಿದ ಮೊತ್ತ 4,500 ಪೌಂಡು. ಉಳಿಯುವುದು 7,500. ಕಾರು ಮತ್ತು ಅದರ ದುರಸ್ತಿ ಎರಡೂ ಈ ಗೆರೆಯೊಳಗೆ ಮುಗಿಯಬೇಕೆಂದು ಮಗಳು ಕಾಗದದ ಮೇಲೆ ಬರೆದು, ಗಂಡನಿಂದ ಸಹಿಯನ್ನೂ ಮಾಡಿಸಿಕೊಂಡಳು. ಸಹಿ ಮಾಡಿಸಿಕೊಳ್ಳುವುದು ಬಹುಶಃ ನಮ್ಮ ಕಡೆಯಿಂದ ಬಂದ ಗುಣ.

ಕಾರಿನ ವಿಚಾರವನ್ನು ಸ್ವಲ್ಪ ಹೇಳಬೇಕು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಎಂಬವರು ನಡೆಸುತ್ತಿದ್ದ ವ್ಯಾಪಾರದಿಂದ ಹುಟ್ಟಿದ ಹೆಸರು. ಎಂ.ಜಿ.ಬಿ.ಯನ್ನು 1962ರಿಂದ 1980ರ ವರೆಗೆ ಅಲ್ಲಿಗೆ ಸಮೀಪದ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಿಸಿದರು. ಬಟ್ಟೆಯ ಮೇಲುಹೊದಿಕೆಯದು, ತಗಡಿನ ಚಾವಣಿಯದು ಎರಡೂ ಸೇರಿ 5 ಲಕ್ಷಕ್ಕೂ ಮೇಲೆ. ಅದರ ಇಂಜಿನ್ನು 1798 ಸಿ.ಸಿ.ಯದು. ಬಾನೆಟ್ಟು ಎತ್ತಿ ತೋರಿಸಿದಾಗ ನಮಗೆ ಎಲ್ಲಿಯೋ ಕಂಡ ಮುಖವೆನಿಸಿತು. ವಿಚಾರಿಸಿದರೆ, ನಮ್ಮ ಅಂಬಾಸಿಡರ್ ಕಾರಿನ ಹಳೆಯ 1489 ಸಿ.ಸಿ. ಇಂಜಿನ್ನಿನ ವಂಶದ್ದೇ ಅದು! ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. ತಪಾಸಣೆಗೆ ಬರುತ್ತಿದ್ದ ಶಿಕ್ಷಣಾಧಿಕಾರಿಗಳ ಬಿಳಿ ಅಂಬಾಸಿಡರಿನ ಸದ್ದು ಅಗಸೆಯಲ್ಲಿ ಕೇಳಿದೊಡನೆ ಹಾಜರಿ ಪುಸ್ತಕಕ್ಕೆ ಕೈ ಹಾಕುತ್ತಿದ್ದ ನಮಗೆ, ಅದರ ದಾಯಾದಿ ಹೀಗೆ ಕೆಂಪು ಬಣ್ಣ ಬಳಿದುಕೊಂಡು ವಿಹಾರಕ್ಕೆ ಹೊರಟಿರುವುದನ್ನು ಕಂಡು ನಗು ಬಂದಿತು.

ಇಷ್ಟು ಸಂಖ್ಯೆಯಲ್ಲಿ ತಯಾರಾದ ಕಾರು ಅಪರೂಪದ್ದಲ್ಲ. ಬಿಡಿಭಾಗಗಳೆಲ್ಲ ಇಂದಿಗೂ ದೊರೆಯುತ್ತವೆ. ಇಡೀ ಒಡಲಿನ ತಗಡನ್ನೇ 1988ರಿಂದ ಹಳೆಯ ಅಚ್ಚುಗಳಲ್ಲಿ ಮತ್ತೆ ಒತ್ತಿ ಮಾರುತ್ತಿದ್ದಾರೆ. ಆದುದರಿಂದ ಇಲ್ಲಿ ಬೆಲೆಯನ್ನು ನಿರ್ಣಯಿಸುವುದು ಅಪೂರ್ವತೆಯಲ್ಲ, ಸ್ಥಿತಿ. ಅದರಲ್ಲೂ ಕಣ್ಣಿಗೆ ಕಾಣದ ಭಾಗದ ಸ್ಥಿತಿ.

ನಮ್ಮ ತಂದೆಯವರು ಒಕ್ಕಲುತನದವರು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದಾಗ ದನದ ಪೇಟೆಯಲ್ಲಿ ಖಿಲಾರಿ ಹೋರಿಗಳನ್ನು ನೋಡುತ್ತ ದಿನಗಟ್ಟಲೆ ಕಳೆಯುತ್ತಿದ್ದರು. ಕೊಂಬು ಹೆರೆದು, ಎಣ್ಣೆ ಹಚ್ಚಿ, ಗೊಂಡೆ ಕಟ್ಟಿ ನಿಲ್ಲಿಸಿದ ಜೋಡಿಯನ್ನು ಅವರು ಮೊದಲು ನೋಡುತ್ತಲೇ ಇರಲಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುವುದು: ಎರಡು, ನಾಲ್ಕು, ಆರು, ಎಂಟಾದರೆ ಬಾಯಿ ಕೂಡಿತು. ಆಮೇಲೆ ಗೊರಸು, ಹೆಗಲಿನ ಗಾಯದ ಕಲೆ. ಕಡೆಗೆ ಹತ್ತು ಹೆಜ್ಜೆ ನಡೆಸುವುದು. ಇಷ್ಟಾದ ಮೇಲೆಯೇ ದಲ್ಲಾಳಿಯ ಟವೆಲ್ಲಿನ ಅಡಿಯಲ್ಲಿ ಕೈ ಹೋಗುತ್ತಿತ್ತು. ಬೆರಳು ಹಿಡಿದು ಆಡುವ ಆ ಮೂಕ ವ್ಯವಹಾರ ಪಕ್ಕದವನಿಗೂ ತಿಳಿಯುತ್ತಿರಲಿಲ್ಲ. ಮನೆಯಿಂದ ಹೊರಡುವಾಗಲೇ ಇಷ್ಟಕ್ಕೆ ಮೇಲೆ ಇಲ್ಲವೆಂದು ಅವ್ವನ ಎದುರಿಗೆ ಹೇಳಿ ಹೊರಡುತ್ತಿದ್ದರು. ಪೇಟೆಯಲ್ಲಿ ನಿಂತು ಮಿತಿಯನ್ನು ಗೊತ್ತು ಮಾಡಲಾಗದು; ಅಲ್ಲಿ ಹೋರಿಯ ಕಣ್ಣು ಮಾತಾಡುತ್ತದೆ.

ನಾವು ನೋಡಿದ ಮೊದಲ ಕಾರು 1972ರದು. ಮಾಲಿಕರು ನಮ್ಮದೇ ವಯಸ್ಸಿನ ನಿವೃತ್ತರು, ಸಜ್ಜನರು. ಮೊಣಕಾಲು ನೋವಿನಿಂದ ಆ ತಗ್ಗು ಆಸನದಲ್ಲಿ ಇಳಿದು ಕೂಡುವುದು ಅವರಿಂದಾಗುತ್ತಿರಲಿಲ್ಲ, ಆದ್ದರಿಂದ ಮಾರಾಟ. ಕೇಳಿದ್ದು 11,500. ಬಣ್ಣ ಕನ್ನಡಿಯಂತೆ, ಬಂಪರು ಬೆಳ್ಳಿಯಂತೆ. ಇಂಜಿನ್ನೂ ಚೆನ್ನಾಗಿಯೇ ಇತ್ತು: ಕಾದ ಮೇಲೆಯೂ ಎಣ್ಣೆಯ ಒತ್ತಡ ಇಳಿಯಲಿಲ್ಲ, ಹೊಗೆ ಇಲ್ಲ. ಅಳಿಯಂದಿರ ಮುಖ ನೋಡಿದೆವು; ಹೋರಿಯ ಕಣ್ಣು ಮಾತಾಡಲು ಹತ್ತಿತ್ತು.

ಈ ಕಾರಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ, ಒಡಲೇ ಎಲುಬು. ಬಾಗಿಲ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೆ ಹೋಗುವ ತಗಡಿನ ತೊಲೆಗಳು ಎಡಕ್ಕೊಂದು ಬಲಕ್ಕೊಂದು ಇವೆ. ಚಾವಣಿ ಇಲ್ಲದ ಕಾರಾದ್ದರಿಂದ ಮುಂದಿನ ಭಾಗವನ್ನೂ ಹಿಂದಿನ ಭಾಗವನ್ನೂ ಹಿಡಿದಿಟ್ಟಿರುವವು ಮುಖ್ಯವಾಗಿ ಇವೇ. ಅವುಗಳ ಒಳಗೆ ಕೆಸರು ನೀರು ನಿಂತು ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತದೆ. ಪರೀಕ್ಷೆ ಸರಳ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಕೆಳ ಅಂಚಿನುದ್ದಕ್ಕೂ ಸರಿಸಬೇಕು. ಲಪ್ಪ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಬಾಗಿಲಿನ ಸುತ್ತಲಿನ ಸಂದು ಮೇಲೆ ಕೆಳಗೆ ಒಂದೇ ಅಗಲ ಇದೆಯೇ ನೋಡಬೇಕು. ಕಾರಿನ ಪಕ್ಕವನ್ನು ಜಾಕಿನಿಂದ ಎತ್ತಿ ಬಾಗಿಲು ತೆರೆದು ಮುಚ್ಚಬೇಕು. ಸಂದು ಬಿಗಿಯಾಗಿ ಬಾಗಿಲು ಸಿಕ್ಕಿಕೊಂಡರೆ ಎಲುಬು ಬಾಗುತ್ತಿದೆ ಎಂದರ್ಥ. ಆಸನದ ಹಿಂದೆ ಬ್ಯಾಟರಿ ಇಡುವ ಪೆಟ್ಟಿಗೆಗಳು, ಪಾದದ ಬಳಿಯ ನೆಲದ ಮೂಲೆಗಳು, ಇವನ್ನೂ ಬಿಡಬಾರದು. ಅಳಿಯಂದಿರು ಅಂಗಾತ ಮಲಗಿ ಟಾರ್ಚು ಬಿಟ್ಟು ನೋಡಿದಾಗ ಹಳೆಯ ತೊಲೆಯನ್ನು ಕತ್ತರಿಸಿ ತೆಗೆಯದೆ ಅದರ ಮೇಲೆಯೇ ಹೊಸ ತಗಡಿನ ಹೊದಿಕೆ ಬೆಸೆದದ್ದು ಕಂಡಿತು. ಕೊಳೆತ ಹಲ್ಲಿಗೆ ಬಂಗಾರದ ತಗಡು ಹಾಕಿಸಿದಂತೆ.

ಆ ದೇಶದಲ್ಲಿ ತೀರ ಹೊಸವಲ್ಲದ ವಾಹನಗಳಿಗೆ ವರ್ಷಕ್ಕೊಮ್ಮೆ ಎಂ.ಒ.ಟಿ. ಎಂಬ ತಪಾಸಣೆ ಇದೆ. ಅದರ ವರದಿಯನ್ನು ವಾಹನದ ಸಂಖ್ಯೆ ಹಾಕಿ ಯಾರು ಬೇಕಾದರೂ ಓದಬಹುದು. ಈ ಏರ್ಪಾಡು ನಮಗೆ ಬಹಳ ಹಿಡಿಸಿತು. ಆದರೆ 2018ರಿಂದ ನಲವತ್ತು ವರ್ಷ ದಾಟಿದ ವಾಹನಗಳಿಗೆ, ದೊಡ್ಡ ಮಾರ್ಪಾಡು ಮಾಡಿರದಿದ್ದರೆ, ತಪಾಸಣೆಯಿಂದ ವಿನಾಯಿತಿ ದೊರೆತಿದೆ. ಈ ಕಾರಿನ ಕಡೆಯ ವರದಿಯಲ್ಲಿ ಬಲಗಡೆಯ ತೊಲೆಗೆ ತುಕ್ಕು ಹಿಡಿಯುತ್ತಿದೆ ಎಂಬ ಸೂಚನೆ ಇತ್ತು. ಅದರ ಮುಂದೆ ವರ್ಷಗಟ್ಟಲೆ ಏನೂ ಇಲ್ಲ. ವಿನಾಯಿತಿ ಎಂದರೆ ಆರೋಗ್ಯದ ಪ್ರಮಾಣಪತ್ರವಲ್ಲ. ತಪಾಸಣೆ ತಪ್ಪಿದ ಶಾಲೆಯ ದಫ್ತರಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮನೆಗೆ ಬಂದು ಲೆಕ್ಕಕ್ಕೆ ಕುಳಿತೆವು. ಜಾಹೀರಾತಿನಲ್ಲಿ ಕೇಳಿದ ಬೆಲೆಗಳನ್ನು ಬದಿಗಿಟ್ಟು ಹರಾಜಿನಲ್ಲಿ ನಿಜವಾಗಿ ಮಾರಿಹೋದ ಬೆಲೆಗಳನ್ನು ಬರೆದುಕೊಂಡೆವು. ಅವುಗಳ ಮೇಲೆ ಕೊಳ್ಳುವವನು ತೆರುವ ಹರಾಜು ಮನೆಯ ದಲಾಲಿಯನ್ನೂ ಸೇರಿಸಬೇಕು, ನಮ್ಮ ಅಡತಿ ಅಂಗಡಿಗಳಂತೆ. ಎಲುಬು ಗಟ್ಟಿಯಾಗಿದ್ದ ಅಂಥದೇ ಕಾರುಗಳು ಸುಮಾರು 10,500ಕ್ಕೆ ಹೋಗಿದ್ದವು. ಎರಡೂ ತೊಲೆಗಳನ್ನು ಸರಿಯಾಗಿ ಕತ್ತರಿಸಿ ಹೊಸದಾಗಿ ಕೂಡಿಸಲು ಕಾರ್ಯಾಗಾರದವರು ಹೇಳಿದ್ದು 3,600. ಮೇಲಿನ ಬಟ್ಟೆ 500. ಟಾಯರುಗಳು ನೋಡಲು ಹೊಸವು. ಆದರೆ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ, ಹದಿನಾಲ್ಕು ವರ್ಷ ಹಳೆಯವು: 400. ಒಟ್ಟು 4,500 ಕಳೆದರೆ ಯೋಗ್ಯ ಬೆಲೆ 6,000.

ಇಲ್ಲಿ ಮಗಳು ಪೆನ್ನು ಕೈಗೆತ್ತಿಕೊಂಡಳು. "6,000 ಅದರ ಬೆಲಿ. ನಮ್ಮ ಕೈಯಾಗ ಆಗೂ ಬೆಲಿ ಎಷ್ಟು?" 7,500ರಲ್ಲಿ ದುರಸ್ತಿಯ 4,500 ಕಳೆದರೆ 3,000. ವಸ್ತುವಿನ ಯೋಗ್ಯ ಬೆಲೆ ಬೇರೆ, ಕೊಳ್ಳುವವನ ಕೈಗೆ ಎಟಕುವ ಬೆಲೆ ಬೇರೆ. ಕಡಿಮೆ ಇದ್ದುದೇ ಲಗಾಮು. ಹಾಗೆಂದು ಆ ಹಿರಿಯರ ಮುಂದೆ 3,000 ಎಂದು ಬಾಯಿಬಿಡುವುದು ಮರ್ಯಾದೆಯಲ್ಲ. ಅಳಿಯಂದಿರು ತಾವು ಕಂಡದ್ದನ್ನು ವಿನಯದಿಂದ ತಿಳಿಸಿ, ತಮ್ಮಿಂದ ಆಗದೆಂದು ಹೇಳಿಬಂದರು. ಅವರು ಒಂದು ದಪ್ಪ ಫೈಲನ್ನು ತೆರೆದು ಇಪ್ಪತ್ತು ವರ್ಷಗಳಲ್ಲಿ ಮಾಡಿದ ಖರ್ಚಿನ ರಸೀದಿಗಳನ್ನು ತೋರಿಸಿದರಂತೆ. ಒಟ್ಟು 23,000 ಪೌಂಡು. ಆ ಖರ್ಚು ಸುಳ್ಳಲ್ಲ. ಅದರಿಂದ ಅವರು ಇಪ್ಪತ್ತು ಬೇಸಗೆಗಳ ಸಂತೋಷವನ್ನು ಕೊಂಡಿದ್ದರು, ಅದು ಅವರಿಗೆ ಸಂದಿದೆ. ಅದನ್ನು ಮುಂದಿನವನಿಗೆ ಮತ್ತೊಮ್ಮೆ ಮಾರಲಾಗದು. ತಿಂಗಳೊಳಗೆ ಯಾರೋ 9,500 ಕೊಟ್ಟು ಆ ಕಾರನ್ನು ಒಯ್ದರೆಂದು ತಿಳಿಯಿತು. ಅವರು ಮೋಸ ಹೋದರೆನ್ನಲು ನಾವು ಸಿದ್ಧರಿಲ್ಲ. ಅವರ ಮನೆಯ ಹಂಚು ಗಟ್ಟಿಯಾಗಿದ್ದಿರಬಹುದು.

ಎರಡನೆಯದು 1977ರದು, ಸಾಸಿವೆ ಬಣ್ಣ, ಅದೂ ಮಂಕಾಗಿತ್ತು. 1974ರ ಕೊನೆಯಲ್ಲಿ ಅಮೆರಿಕದ ಕಾಯದೆಗಳಿಗಾಗಿ ಬೆಳ್ಳಿ ಬಂಪರು ಹೋಗಿ ಕರಿಯ ರಬ್ಬರಿನದು ಬಂದಿತು, ಕಾರನ್ನೂ ಸುಮಾರು ಒಂದೂವರೆ ಅಂಗುಲ ಎತ್ತರಿಸಿದರು. ರಸಿಕರು ಇದಕ್ಕೆ ಮೂಗು ಮುರಿಯುತ್ತಾರೆ; ಆದ್ದರಿಂದ ಬೆಲೆ ಕಡಿಮೆ. ಕೇಳಿದ್ದು 6,800. ತೊಲೆಗಳನ್ನು ಬದಲಿಸುವಾಗ ತೆಗೆದ ಫೋಟೋಗಳನ್ನು ಮಾಲಿಕಳು ಇಟ್ಟಿದ್ದಳು: ಹಳೆಯದನ್ನು ಕತ್ತರಿಸಿದ್ದು, ಒಳಗಿನ ತಗಡು, ಬೆಸುಗೆ, ಕ್ರಮವಾಗಿ. ವಿನಾಯಿತಿ ಇದ್ದರೂ ಪ್ರತಿ ವರ್ಷ ತಪಾಸಣೆ ಮಾಡಿಸಿದ್ದಳು. ಜಾಕು ಎತ್ತಿದಾಗ ಬಾಗಿಲಿನ ಸಂದು ಕದಲಲಿಲ್ಲ. ಆಸನ ಹರಿದಿತ್ತು, ಕಾರ್ಬೊರೇಟರು ಸರಿಪಡಿಸಬೇಕಿತ್ತು, ಟಾಯರು ಹಳೆಯವು. ಎಲ್ಲ ಸೇರಿ 900. ಅಳಿಯಂದಿರು 6,000 ಎಂದರು, 6,300ಕ್ಕೆ ಮುಗಿಯಿತು. ದುರಸ್ತಿ ಸೇರಿ 7,200. ಕೆಂಪು ಕಾರಿನ ನೆನಪಿನಿಂದ ಎರಡು ದಿನ ಅವರು ಮಂಕಾಗಿಯೇ ಇದ್ದರು. ಮೂರನೆಯ ದಿನ ನಮ್ಮನ್ನು ಕೂಡಿಸಿಕೊಂಡು ಆಬಿಂಗ್ಡನ್ನಿನ ತನಕ ಹೋಗಿಬಂದರು. ಗಾಳಿಗೆ ನಮ್ಮ ಟೋಪಿ ಹಾರಿಹೋಯಿತು.

ನಮ್ಮ ಕಡೆಯೂ ಹಳೆಯ ಫಿಯಟ್ಟು, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡುಗಳನ್ನು ಹುಡುಕುವ ತರುಣರು ಹೆಚ್ಚುತ್ತಿದ್ದಾರೆ; ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೇ ಇಬ್ಬರಿದ್ದಾರೆ. ಹೆರಾಲ್ಡ್ ಹೊಕ್ಕವರಿಗೆ ಒಂದು ಕಿವಿಮಾತು: ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದು ಹೆರಾಲ್ಡಿನ ಚಾಸಿಯನ್ನೇ ಗಿಡ್ಡಗೊಳಿಸಿ. ಇಲ್ಲಿ ತುಕ್ಕಿನಷ್ಟೇ ಕಾಗದಪತ್ರವೂ ಬೆಲೆಯನ್ನು ತಿನ್ನುತ್ತದೆ. ಚಾಸಿಯ ಮೇಲಿನ ಸಂಖ್ಯೆ ಆರ್.ಸಿ. ಪುಸ್ತಕದೊಡನೆ ತಾಳೆಯಾಗಬೇಕು. ಗಡಿಯ ಆಚೆಯಿಂದ ತಂದರೆ ಆ ರಾಜ್ಯದ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿ ಮರುನೋಂದಣಿ, ಮತ್ತೆ ತೆರಿಗೆ. ವಿಜಾಪುರದ ಕಾರು ಜತ್ತಕ್ಕೆ ಬರುವುದು ಎರಡು ತಾಸಿನ ದಾರಿ, ಕಾಗದ ಬರುವುದು ಎರಡು ಋತುವಿನ ದಾರಿ. ಐವತ್ತು ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರ ನಿಯಮಗಳಂತೆ ಪ್ರತ್ಯೇಕ ನೋಂದಣಿ ಇದೆ: ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರಗಳು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬೆಲೆ ಆಡುವ ಮುನ್ನವೇ ಇವೆಲ್ಲವನ್ನೂ ಕಳೆಯುವ ಅಂಕಣದಲ್ಲಿ ಬರೆದುಕೊಳ್ಳುವುದು ಒಳಿತು.

ಕಾರು ಮನೆಗೆ ಬಂದರೂ ಬೆಲೆಯ ಚರ್ಚೆ ಮುಗಿಯಲಿಲ್ಲ. ಹಳೆಯ ಕಾರುಗಳ ವಿಮೆಗೆ ಅಲ್ಲಿ ಒಪ್ಪಿತ ಮೌಲ್ಯವೆಂಬ ಪದ್ಧತಿ ಇದೆ. ಕಾರು ನಾಶವಾದರೆ ಎಷ್ಟು ಕೊಡಬೇಕೆಂಬುದನ್ನು ಮೊದಲೇ ಗೊತ್ತು ಮಾಡುತ್ತಾರೆ. 8,000 ಎಂದು ಬರೆಯೋಣವೆಂದರು ಅಳಿಯಂದಿರು. ಕೊಟ್ಟದ್ದನ್ನೇ ಬರೆಯೋಣವೆಂದಳು ಮಗಳು. ಇಬ್ಬರೂ ನಮ್ಮತ್ತ ನೋಡಿದರು. ನಾವು ಚಹಾ ಕುಡಿಯುತ್ತಿದ್ದೆವು. ಕಡೆಗೆ ಎಂ.ಜಿ. ಮಾಲಿಕರ ಸಂಘವೊಂದರ ಮೌಲ್ಯಮಾಪಕರಿಗೆ ಫೋಟೋಗಳನ್ನು ಕಳುಹಿಸಿದರು, ಅವರು 7,000 ಎಂದು ಬರೆದುಕೊಟ್ಟರು. ಮಗಳು ಆ ಪತ್ರವನ್ನು ಹಂಚಿನ ಗುತ್ತಿಗೆದಾರನ ರಸೀದಿಯ ಜೊತೆಗೆ ಒಂದೇ ಫೈಲಿನಲ್ಲಿ ಸೇರಿಸಿಟ್ಟಳು.