ನೂರು ಅಂದ್ರೆ ಎಷ್ಟು?



ಒಂದನೇ ತರಗತಿ ಮಕ್ಕಳಿಗೆ ಟೀಚರ್ ಕೊಟ್ಟ ಕೆಲಸ ನಿಮಗೆಲ್ಲ ಗೊತ್ತೇ ಇದೆ. "ಶನಿವಾರ ಬರುವಾಗ ಎಲ್ಲರೂ ನೂರು ವಸ್ತು ತನ್ನಿ. ಯಾವ ವಸ್ತುವಾದರೂ ಸರಿ. ಆದರೆ ಲೆಕ್ಕ ಸರಿಯಾಗಿ ನೂರೇ ಇರಬೇಕು, ನೀವೇ ಎಣಿಸಿರಬೇಕು" ಎಂದಿದ್ದರು. ಹೇಳಿದ್ದು ಒಂದನೇ ತರಗತಿಗೆ, ಕೆಲಸ ಬಿದ್ದದ್ದು ಮಾತ್ರ ನಮ್ಮಂಥ ಅಕ್ಕ ಅಣ್ಣಂದಿರ ತಲೆಗೆ! ನಮ್ಮ ಏಳನೇ ತರಗತಿಯಲ್ಲಿ ಆರು ಜನರ ಮನೆಯಲ್ಲಿ ಒಂದನೇ ತರಗತಿಯ ತಮ್ಮನೋ ತಂಗಿಯೋ ಇದ್ದಾರೆ. ಮುಂದಿನ ವರ್ಷ ಇನ್ನೊಂದಷ್ಟು ಜನರ ಸರದಿ ಬರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ನಡೆದದ್ದನ್ನೂ ನಮಗೆ ಹೊಳೆದ ಉಪಾಯಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿಗೆ ಒಂದರಿಂದ ನೂರರ ತನಕ ಬಾಯಿಪಾಠ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದಳು. ಆದರೆ ಕೈಗೆ ಕಾಳು ಕೊಟ್ಟು ಎಣಿಸು ಅಂದರೆ ಲೆಕ್ಕ ನಿಲ್ಲುತ್ತಿರಲಿಲ್ಲ. ಒಂದು ಸಲ ಬಾಯಿ ಮುಂದೆ ಓಡುತ್ತಿತ್ತು, ಇನ್ನೊಂದು ಸಲ ಕೈ ಮುಂದೆ ಓಡುತ್ತಿತ್ತು. ಒಂದು ದಿನ ಸಂಜೆ "ನೂರು ಅಂದ್ರೆ ಎಷ್ಟಕ್ಕಾ?" ಅಂತ ಕೇಳಿದಳು. "ತೊಂಬತ್ತೊಂಬತ್ತು ಆದ್ಮೇಲೆ ಬರೋದು" ಅಂದೆ. "ಅದು ಗೊತ್ತು. ಎಷ್ಟು ಅಂತ ಕೇಳಿದ್ದು" ಅಂದಳು. ಯೋಚನೆ ಮಾಡಿದರೆ ಇದು ದೊಡ್ಡ ಪ್ರಶ್ನೆಯೇ. ನೀವಾದರೆ ಏನು ಹೇಳುತ್ತಿದ್ದಿರಿ?

ಅವಳಿಗೆ ಅಂಗಡಿಯ ಬಣ್ಣದ ಮಣಿಗಳೇ ಬೇಕಾಗಿದ್ದವು. ಪಕ್ಕದ ಮನೆಯ ಹುಡುಗ ಥರ್ಮೊಕೋಲಿನ ಮೇಲೆ ಮಿಣಿಮಿಣಿ ಮಣಿ ಅಂಟಿಸಿಕೊಂಡು ಕೂತಿದ್ದನ್ನು ನೋಡಿ ಬಂದು ಅಳು ಶುರು ಮಾಡಿದಳು. ಮಣಿ, ಗೋಂದು, ಥರ್ಮೊಕೋಲು ಎಲ್ಲ ತರಬೇಕು ಅಂದರೆ ದುಡ್ಡು ಬೇಕು. ನಮ್ಮ ಅಪ್ಪ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಕೂಲಿ ಬರುವುದು ಕಾಯಿಯ ಲೆಕ್ಕದ ಮೇಲೆ. ಆ ವಾರ ಮಳೆ ಹಿಡಿದುಕೊಂಡು ಎರಡು ದಿನ ಕೆಲಸವಿರಲಿಲ್ಲ. ಅವ್ವ ಏನೂ ಹೇಳದೆ ಒಲೆ ಮುಂದೆ ಕೂತಿದ್ದರು.

ಆಗ ಅಜ್ಜಿ ಅಟ್ಟದ ಮೇಲಿಂದ ಅಳಗುಳಿ ಮಣೆ ಇಳಿಸಿಕೊಟ್ಟರು. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಆದರೆ ಮಣೆ ಮುಂದೆ ಕೂತರೆ ಅವರನ್ನು ಗೆದ್ದವರನ್ನು ನಾನು ಕಂಡಿಲ್ಲ. ಅಳಗುಳಿ ಮಣೆಗೆ ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14 ಗುಳಿ. ಅಜ್ಜಿ ಒಂದು ತುದಿಯ ನಾಲ್ಕು ಗುಳಿಗಳ ಮೇಲೆ ಬಟ್ಟೆ ಮುಚ್ಚಿದರು. ಉಳಿದದ್ದು ಹತ್ತು ಗುಳಿ. "ಗುಳಿಗೆ ಹತ್ತು ಹುಣಸೆ ಬೀಜ ಹಾಕ್ತಾ ಹೋಗು. ಹತ್ತು ತುಂಬಿದ್ರೆ ಮುಂದಿನ ಗುಳಿಗೆ ಹೋಗು. ಹತ್ತು ಗುಳಿ ತುಂಬಿದ್ರೆ ನಿನ್ ನೂರು" ಅಂದರು.

ನಾನು ಮೊದಲೇ ನೂರು ಬೀಜ ಎಣಿಸಿ ಮೊರದಲ್ಲಿ ಹಾಕಿಕೊಟ್ಟೆ. ತಂಗಿ ಬಾಯಲ್ಲಿ ಹೇಳುತ್ತಾ ಒಂದೊಂದೇ ಹಾಕತೊಡಗಿದಳು. ಕೊನೆಗೆ "ತೊಂಬತ್ತೊಂಬತ್ತು, ನೂರು!" ಅಂತ ಕೂಗಿ ಚಪ್ಪಾಳೆ ತಟ್ಟಿದಳು. ತಟ್ಟಿದ ಕೈ ಅಲ್ಲೇ ನಿಂತಿತು. "ಅಕ್ಕಾ, ಒಂದ್ ಗುಳಿ ಖಾಲಿ ಐತೆ" ಅಂದಳು. ಮೊರದಲ್ಲಿ ಇನ್ನೂ ಹತ್ತು ಬೀಜ ಉಳಿದಿದ್ದವು.

ಇನ್ನೊಂದು ಸಲ ಎಣಿಸಿದಳು. ನಾನು ಕಿವಿಗೊಟ್ಟು ಕೇಳಿದೆ. ಎಪ್ಪತ್ತೆಂಟು, ಎಪ್ಪತ್ತೊಂಬತ್ತು ಅಂದವಳು ನೆಟ್ಟಗೆ ತೊಂಬತ್ತಕ್ಕೆ ಹಾರಿಬಿಟ್ಟಳು. ಎಂಬತ್ತರ ಮನೆಯೇ ಮಾಯ! ಇದು ಅವಳೊಬ್ಬಳ ಕಷ್ಟವಲ್ಲ, ನಮ್ಮ ಕನ್ನಡದ ಎಣಿಕೆಯಲ್ಲೇ ಇರುವ ಒಂದು ಕಚಗುಳಿ. ಎಪ್ಪತ್ತು, ಎಂಬತ್ತು, ತೊಂಬತ್ತು, ಒಂಬತ್ತು — ನಾಲ್ಕೂ ಅಕ್ಕತಂಗಿಯರ ಹಾಗೆ ಕೇಳಿಸುತ್ತವೆ. ಬಾಯಿಗೆ ‘ಎಪ್ಪತ್ತೊಂಬತ್ತು’ ಅಂದ ಕೂಡಲೇ ‘ತೊಂಬತ್ತು’ ಅನ್ನುವುದು ಬಲು ಸುಲಭ. ಬರೀ ಬಾಯಿಪಾಠದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ನೂರು ಅಂತ ಹೇಳಿ ಮುಗಿಸಿದರೆ ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಗುಳಿ ಮಾತ್ರ ಸುಳ್ಳು ಹೇಳುವುದಿಲ್ಲ. ಅದು ಖಾಲಿಯಾಗಿಯೇ ಕೂತಿರುತ್ತದೆ.

ಅಷ್ಟು ಹೊತ್ತಿಗೆ ಅಪ್ಪ ಕೈಕಾಲು ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ತಾವು ಕಾಯಿ ಎಣಿಸುವ ಬಗೆಯನ್ನು ಹೇಳಿದರು. ಒಂದೊಂದು ಕೈಯಲ್ಲಿ ಎರಡರಂತೆ ನಾಲ್ಕು ಕಾಯಿ ಒಟ್ಟಿಗೆ ಎತ್ತಿ ಹಾಕುತ್ತಾರಂತೆ. ಇಪ್ಪತ್ತೈದು ಸಲ ಹಾಕಿದರೆ ನೂರು. ನೂರಾದ ಕೂಡಲೇ ಒಂದು ಮಟ್ಟೆ ಚೂರು ಪಕ್ಕಕ್ಕಿಡುತ್ತಾರೆ. ಸಂಜೆಗೆ ಎಷ್ಟು ಚೂರೋ ಅಷ್ಟು ನೂರು. ಕೂಲಿಯೂ ಅಷ್ಟು ನೂರಕ್ಕೆ.

ಹಾಗೆ ಹೇಳುತ್ತಾ ಹೇಳುತ್ತಾ ಹೋದ ವರ್ಷದ ಒಂದು ಮಾತು ಬಂತು. ಒಂದು ತೋಟದಲ್ಲಿ ಅಪ್ಪನ ಮುಂದೆ ಹದಿಮೂರು ಚೂರುಗಳಿದ್ದವು. ಲೆಕ್ಕ ಬರೆಯುವವರು ಪುಸ್ತಕ ನೋಡಿ ಹನ್ನೆರಡು ನೂರು ಅಂದರಂತೆ. ಕಾಯಿ ಆಗಲೇ ಗಾಡಿಗೆ ಏರಿಸಿ ಆಗಿತ್ತು. ಅಪ್ಪನಿಗೆ ಓದು ಬರಹವಿಲ್ಲ. ಮಟ್ಟೆ ಚೂರು ದೊಡ್ಡದೋ ಪುಸ್ತಕ ದೊಡ್ಡದೋ? ಹನ್ನೆರಡು ನೂರಕ್ಕೇ ಕೂಲಿ ಬಂತು. "ದುಡ್ಡು ಹೋದ್ರೆ ಹೋಗ್ಲಿ. ಹಾರೆ ಮೇಲೆ ನೂರು ಸಲ ಬಗ್ಗಿ ಎದ್ದಿದ್ದು ಎಲ್ಲಿಗೋಯ್ತು?" ಅಂದರು ಅಪ್ಪ. ಈ ವಿಷಯ ಅವರು ನಮಗೆ ಹೇಳಿದ್ದು ಅದೇ ಮೊದಲು.

ತಂಗಿ ಗುಳಿಯನ್ನೂ ಅಪ್ಪನ ಮುಖವನ್ನೂ ನೋಡಿ ಕೇಳಿದಳು: "ಅವ್ರೂ ಎಂಬತ್ತು ಬಿಟ್ಬುಟ್ರಾ ಅಪ್ಪಾ?"

ಅಪ್ಪ ಮೊದಲು ಸುಮ್ಮನಿದ್ದರು. ಆಮೇಲೆ ಜೋರಾಗಿ ನಕ್ಕರು. ಅವ್ವನೂ ನಕ್ಕರು. ನನಗೆ ನಗು ಬರಲಿಲ್ಲ. ಎಣಿಕೆ ಅಂದರೆ ಪರೀಕ್ಷೆಗೆ ಕಲಿಯುವುದು ಅಂದುಕೊಂಡಿದ್ದೆವು. ಕೂಲಿ ಮಾಡುವವರಿಗೆ ಎಣಿಕೆ ಅಂದರೆ ಅನ್ನ. ಒಂದು ನೂರು ತಪ್ಪಿದರೆ ಒಂದು ಹೊತ್ತಿನ ಸಾರು ತಪ್ಪುತ್ತದೆ.

ಆ ರಾತ್ರಿಯೇ ತಂಗಿ ಮಣಿ ಬೇಡ ಅಂದಳು. ಹುಣಸೆ ಬೀಜವೇ ಸಾಕು ಅಂದಳು. ಗುಳಿ ಗುಳಿಗೆ ಬೆರಳಿಟ್ಟು ಹತ್ತು, ಇಪ್ಪತ್ತು, ಮೂವತ್ತು ಅಂತ ಹೇಳುವುದನ್ನು ಅಜ್ಜಿ ಕಲಿಸಿದರು. ಎಂಟನೇ ಗುಳಿಗೆ ಬಂದಾಗ ‘ಎಂಬತ್ತು’ ಅಂತ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದಳು!

ಇನ್ನು ಉಪಾಯಗಳಿಗೆ ಬರೋಣ. ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಡ.

1. ಪೊರಕೆ ಕಡ್ಡಿ: ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದ ಮುರಿದು ಹತ್ತು ಹತ್ತರಂತೆ ಬಾಳೆ ನಾರಿನಿಂದ ಕಟ್ಟಿ. ಹತ್ತು ಕಟ್ಟುಗಳನ್ನು ಸೇರಿಸಿ ಒಂದು ದೊಡ್ಡ ಕಟ್ಟು ಮಾಡಿ. ಬಿಡಿ, ಹತ್ತು, ನೂರು ಮೂರೂ ಕೈಗೆ ಸಿಗುತ್ತವೆ. 100 ಅಂತ ಬರೆಯುವಾಗ ಒಂದು ಯಾಕೆ, ಎರಡು ಸೊನ್ನೆ ಯಾಕೆ ಅಂತ ಮಗುವಿಗೆ ತಾನಾಗಿಯೇ ತಿಳಿಯುತ್ತದೆ: ದೊಡ್ಡ ಕಟ್ಟು ಒಂದು, ಸಣ್ಣ ಕಟ್ಟು ಉಳಿದಿಲ್ಲ, ಬಿಡಿ ಕಡ್ಡಿಯೂ ಉಳಿದಿಲ್ಲ.

2. ಚುಕ್ಕಿ ರಂಗೋಲಿ: ಹತ್ತು ಚುಕ್ಕಿಯ ಹತ್ತು ಸಾಲು ಇಟ್ಟರೆ ಸರಿಯಾಗಿ ನೂರು. ನಮ್ಮ ಅವ್ವಂದಿರು ಅಂಗಳದಲ್ಲಿ ಇಡುವ ಚುಕ್ಕಿಗಳಲ್ಲೇ ಗಣಿತ ಇದೆ. ಶಾಲೆಗೆ ತರಲು ಹಾಳೆಯ ಮೇಲೆ ಬಣ್ಣದ ಚುಕ್ಕಿ ಇಡಬಹುದು.

3. ಹತ್ತು ಮರದ ಹತ್ತು ಎಲೆ: ಹೊಂಗೆ, ಬೇವು, ಮಾವು, ಹಲಸು, ಆಲ, ಅರಳಿ, ಅತ್ತಿ, ಸೀಬೆ, ನೇರಳೆ, ಬಿಲ್ವ. ಉದುರಿದ ಎಲೆಗಳನ್ನೇ ಆರಿಸಿ ಹಳೇ ಪುಸ್ತಕದಲ್ಲಿಟ್ಟು ಒಣಗಿಸಿ. ನೂರು ಎಲೆಯ ಜೊತೆಗೆ ಹತ್ತು ಮರದ ಹೆಸರೂ ಬಂತು.

4. ನೂರು ರಾಗಿ, ನೂರು ಕಾಯಿ: ನೂರು ರಾಗಿ ಕಾಳು ಒಂದು ಚಿಟಿಕೆಯಷ್ಟೇ ಆಗುತ್ತದೆ. ನೂರು ತೆಂಗಿನಕಾಯಿಯನ್ನು ಒಬ್ಬರಿಂದ ಒಟ್ಟಿಗೆ ಎತ್ತಲು ಆಗುವುದಿಲ್ಲ. ಆದರೂ ಎರಡೂ ನೂರೇ! ಇದನ್ನು ತೋರಿಸಿದಾಗ ತಂಗಿ ಬಹಳ ಹೊತ್ತು ಯೋಚಿಸಿದಳು.

5. ಹೆಜ್ಜೆ: ಮನೆ ಬಾಗಿಲಿನಿಂದ ನೂರು ಹೆಜ್ಜೆ ನಡೆಯಿರಿ. ಹತ್ತು ಹೆಜ್ಜೆಗೆ ಒಂದು ಕಲ್ಲು ಇಡಿ. ತಂಗಿಯ ನೂರು ಹೆಜ್ಜೆ ಕಟ್ಟೆಯ ಹತ್ತಿರ ಮುಗಿಯಿತು, ಅಪ್ಪನದು ಅದಕ್ಕಿಂತ ಬಹಳ ಮುಂದೆ ಹೋಯಿತು. ಶಾಲೆಗೆ ಆ ಹತ್ತು ಕಲ್ಲು ತಂದರೆ ಸಾಕು.

6. ಪೈಸೆ: ಒಂದು ರೂಪಾಯಿಗೆ ನೂರು ಪೈಸೆ ಅಂತ ಆದದ್ದು 1957ರ ಏಪ್ರಿಲ್ 1ರಿಂದ. ಅದಕ್ಕೂ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಅಜ್ಜಿಯ ಡಬ್ಬಿಯಲ್ಲಿ 25 ಪೈಸೆಯ ನಾಣ್ಯಗಳಿವೆ. ಅವುಗಳ ಚಲಾವಣೆ 2011ರ ಜೂನ್ ಕೊನೆಗೆ ನಿಂತಿತು. ಅಂಗಡಿಯಲ್ಲಿ ನಡೆಯದಿದ್ದರೂ ಲೆಕ್ಕಕ್ಕೆ ನಡೆಯುತ್ತವೆ: ನಾಲ್ಕು ಸೇರಿದರೆ ನೂರು. ಅಜ್ಜಿ ಈಗಲೂ ಅದನ್ನು ನಾಲ್ಕಾಣೆ ಅಂತಲೇ ಅನ್ನುತ್ತಾರೆ.

7. ನೂರು ಹೆಸರು: ಮನೆಯಲ್ಲಿ, ಹೊಲದಲ್ಲಿ ಇರುವ ವಸ್ತುಗಳ ಹೆಸರನ್ನು ಚೀಟಿಗಳಲ್ಲಿ ಬರೆಯಿರಿ. ಮೊರ, ಒನಕೆ, ಬೀಸುಕಲ್ಲು, ಕಡೆಗೋಲು, ಕುಂಟೆ, ಕೂರಿಗೆ... ಅಜ್ಜಿಯನ್ನು ಕೂರಿಸಿಕೊಂಡರೆ ನೂರು ದಾಟುವುದು ಗೊತ್ತೇ ಆಗುವುದಿಲ್ಲ. ಚಿಕ್ಕವರು ಹೇಳಲಿ, ದೊಡ್ಡವರು ಬರೆಯಲಿ.

ಒಂದು ಎಚ್ಚರಿಕೆ. ಗುಲಗಂಜಿ ನೋಡಲು ಬಲು ಚಂದ, ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದರು. ಆದರೆ ಅದು ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹರಳು ಬೀಜವೂ, ಉಮ್ಮತ್ತಿ ಬೀಜವೂ ಹಾಗೆಯೇ. ಚಿಕ್ಕ ಮಕ್ಕಳ ಕೈಗೆ ಇವನ್ನು ಕೊಡಲೇಬೇಡಿ. ಸಣ್ಣ ಕಾಳುಗಳನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳುವವರೂ ಇದ್ದಾರೆ. ಎಣಿಸುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು.

ಇನ್ನೊಂದು ತಮಾಷೆ. ನಮ್ಮ ಅಜ್ಜಿ ರಾಗಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಅದನ್ನು ಕೇಳಿ ಕೇಳಿ ತಂಗಿ ತರಗತಿಯಲ್ಲಿ "ಲಾಭ, ಎರಡು, ಮೂರು" ಅಂತ ಎಣಿಸಿ ಎಲ್ಲರನ್ನೂ ನಗಿಸಿದಳು. ಟೀಚರೂ ನಕ್ಕು, ಹಾಗೆ ಹೇಳಿದರೂ ಲೆಕ್ಕ ಸರಿಯೇ ಅಂದರು.

ಶನಿವಾರ ಅವಳು ಮಣೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಶಾಲೆಗೆ ಬಂದಳು. ಟೀಚರ್ ಅವಳಿಗೆ ಕಣ್ಣು ಮುಚ್ಚಲು ಹೇಳಿ ಒಂದು ಬೀಜ ತೆಗೆದು ಬಚ್ಚಿಟ್ಟರಂತೆ. ಕಣ್ಣು ಬಿಟ್ಟು ಗುಳಿ ಗುಳಿ ನೋಡಿ "ನಾಲ್ಕನೇದ್ರಲ್ಲಿ ಒಂಬತ್ತೇ ಐತೆ ಟೀಚರ್" ಅಂದಳಂತೆ. ಆಮೇಲೆ ಮಣಿ ತಂದವರೂ, ಕಡ್ಡಿ ತಂದವರೂ ಎಲ್ಲರೂ ಮಧ್ಯಾಹ್ನದ ತನಕ ಅದೇ ಆಟ ಆಡಿದರಂತೆ.

ಕೈಯಲ್ಲಿ ಹಿಡಿದು ಕಲಿಯುವುದು ಹೊಸದೇನಲ್ಲ ಎಂದು ನಮ್ಮ ಹೆಡ್ ಮಾಸ್ಟರು ಹೇಳಿದರು. ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತಂತೆ. ಆಮೇಲೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತಂತೆ. ಅದಕ್ಕೂ ಎಷ್ಟೋ ಮುಂಚಿನಿಂದ ಅಳಗುಳಿ ಮಣೆ ನಮ್ಮ ಅಟ್ಟಗಳ ಮೇಲೆ ಇದೆಯಲ್ಲ ಅಂತ ನನಗೆ ಅನ್ನಿಸಿತು.

ಈಗ ಅಪ್ಪ ನೂರಾದಾಗಲೆಲ್ಲ ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಚೂರುಗಳನ್ನು ಗುಡ್ಡೆ ಹಾಕದೆ ಎಲ್ಲರಿಗೂ ಕಾಣುವ ಹಾಗೆ ಸಾಲಾಗಿ ಜೋಡಿಸುತ್ತಾರೆ. ರಜೆ ದಿನ ನಾನು ಜೊತೆಗೆ ಹೋದರೆ ನೋಟ್ ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುತ್ತೇನೆ. ಹೋದ ವರ್ಷದ ಕೂಲಿ ವಾಪಸ್ಸು ಬರಲಿಲ್ಲ, ಬರುವುದೂ ಇಲ್ಲ. ಆದರೆ ಇನ್ನು ಮುಂದೆ ಚೂರಿನ ಲೆಕ್ಕದ ಪಕ್ಕದಲ್ಲಿ ನಮ್ಮದೂ ಒಂದು ಪುಸ್ತಕ ಇರುತ್ತದೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಯಾವುದಾದರೂ ನೂರು ಇದ್ದೇ ಇರುತ್ತದೆ. ಹುಡುಕಿ ನೋಡಿ. ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ, ನಿಮಗೆ ಹೊಳೆದ ಉಪಾಯವನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಜೊತೆಗೆ ಒಂದು ಲೆಕ್ಕ: ನಮ್ಮ ಮನೆಯಲ್ಲಿ ಅಳಗುಳಿ ಆಡುವಾಗ 14 ಗುಳಿಗೂ ಐದೈದು ಕಾಳು ಹಾಕುತ್ತೇವೆ. ನೂರಾಗಲು ಇನ್ನೆಷ್ಟು ಕಾಳು ಬೇಕು? ಒಂದನೇ ತರಗತಿಯವರು ಮೊದಲು ಹೇಳಲಿ, ದೊಡ್ಡವರು ಸ್ವಲ್ಪ ಸುಮ್ಮನಿರಿ!

— ಏಳನೇ ತರಗತಿಯ ವಿದ್ಯಾರ್ಥಿನಿ