ರಾಕೆಟ್ಟಿನಿಂದ ಇಳಿದವರು



ಕಳೆದ ತಿಂಗಳು ನಮ್ಮ ಚರ್ಚ್ ಹಾಲ್‌ನಲ್ಲಿ ನಡೆದ ಸಿನಿಮಾ ಸಂಜೆಗೆ ಬಂದವರಿಗೆಲ್ಲ ವಂದನೆ. ಎಪ್ಪತ್ತೈದು ವರ್ಷ ಹಳೆಯ ಇಂಗ್ಲಿಷ್ ಚಿತ್ರಕ್ಕೆ ಯಾರು ಬರುತ್ತಾರೆ ಅಂದುಕೊಂಡಿದ್ದೆ. ಇಪ್ಪತ್ತಾರು ಜನ ಬಂದಿರಿ. ಅರ್ಧ ಜನ ಅಮ್ಮಂದಿರು ತಂದ ಸುಂಡಲ್‌ಗಾಗಿ ಬಂದವರು ಎಂದು ನನಗೆ ಗೊತ್ತು, ಪರವಾಗಿಲ್ಲ!

ಅಂದು ನೋಡಿದ್ದು 1950ರ ‘ಡೆಸ್ಟಿನೇಷನ್ ಮೂನ್’. ಜಾರ್ಜ್ ಪಾಲ್ ನಿರ್ಮಾಣ, ಇರ್ವಿಂಗ್ ಪಿಚೆಲ್ ನಿರ್ದೇಶನ. ನೆನಪಿಡಿ, ಆಗ ಸ್ಪುಟ್ನಿಕ್ ಕೂಡ ಹಾರಿರಲಿಲ್ಲ. ಗಗಾರಿನ್ ಹೋಗಿದ್ದು 1961ರ ಏಪ್ರಿಲ್ 12ರಂದು, ಅಂದರೆ ಹನ್ನೊಂದು ವರ್ಷದ ನಂತರ. ಆದರೂ ತೂಕವಿಲ್ಲದೆ ತೇಲುವುದು, ಬಾಹ್ಯಾಕಾಶ ನಡಿಗೆ, ಗಾಳಿಯಿಲ್ಲದ ಚಂದ್ರನ ನೆಲ ಎಲ್ಲವನ್ನೂ ಲೆಕ್ಕ ಹಾಕಿ ತೋರಿಸಿದ್ದರು. ರಾಕೆಟ್ ಹೇಗೆ ಓಡುತ್ತದೆ ಎಂದು ವಿವರಿಸಲು ವುಡಿ ವುಡ್‌ಪೆಕರ್ ಕಾರ್ಟೂನನ್ನೇ ಕರೆತಂದಿದ್ದರು. ಚಿಕ್ಕ ಮಕ್ಕಳು ಎಲ್ಲಕ್ಕಿಂತ ಹೆಚ್ಚು ನಕ್ಕಿದ್ದು ಅಲ್ಲೇ.

ತಪ್ಪುಗಳೂ ಇದ್ದವು. ಚಿತ್ರದಲ್ಲಿ ಒಂದೇ ದೊಡ್ಡ ರಾಕೆಟ್ ಅಣುಶಕ್ತಿಯಿಂದ ಹೋಗಿ, ಇಳಿದು, ಇಡಿಯಾಗಿ ವಾಪಸ್ ಬರಬೇಕು. ನಿಜವಾದ ಅಪೊಲೊ ಹಾಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಒಂದೊಂದೇ ಭಾಗವನ್ನು ಕಳಚಿ ಎಸೆಯುತ್ತಾ ಹೋಯಿತು. ಯಾಕೆಂದರೆ ಇಂಧನವನ್ನು ಎತ್ತುವುದಕ್ಕೂ ಇಂಧನ ಬೇಕು. ರಷ್ಯಾದ ಶಾಲಾ ಮೇಷ್ಟ್ರು ಸಿಯೋಲ್ಕೋವ್ಸ್ಕಿ 1903ರಲ್ಲೇ ಈ ಲೆಕ್ಕವನ್ನು ಪ್ರಕಟಿಸಿದ್ದರು. ಬಿಎಸ್ಸಿಯಲ್ಲಿ ಆ ಸಮೀಕರಣ ಬಿಡಿಸುವಾಗ ನನಗೆ ಅದು ಬರೀ ಲಾಗರಿದಮ್. ಅದರ ಅರ್ಥ ತಿಳಿದದ್ದು ಈ ಚಿತ್ರದ ಕೊನೆಯ ಇಪ್ಪತ್ತು ನಿಮಿಷದಲ್ಲಿ.

ಬರಲಾಗದವರಿಗಾಗಿ ಹೇಳುತ್ತೇನೆ. ಚಂದ್ರನ ಮೇಲೆ ಇಳಿಯುವಾಗ ಇಂಧನ ಹೆಚ್ಚು ಖರ್ಚಾಗಿಬಿಡುತ್ತದೆ. ಭೂಮಿಗೆ ಮರಳಬೇಕಾದರೆ ಭಾರ ಇಳಿಸಲೇಬೇಕು. ನಾಲ್ವರೂ ಸೇರಿ ಒಳಗಿನ ಸಾಮಾನನ್ನೆಲ್ಲ ಬಿಚ್ಚಿ, ಕತ್ತರಿಸಿ ಹೊರಗೆ ಎಸೆಯುತ್ತಾರೆ. ಆದರೂ ಹೆಚ್ಚುಕಡಿಮೆ ಒಬ್ಬ ಮನುಷ್ಯನಷ್ಟು ಭಾರ ಉಳಿಯುತ್ತದೆ. ನಾನಿರುತ್ತೇನೆ, ಬೇಡ, ನಾನಿರುತ್ತೇನೆ ಎಂದು ಉಳಿದ ಮೂವರು ವಾದ ಮಾಡುತ್ತಿರುವಾಗ, ಸ್ವೀನಿ ಎಂಬ ರೇಡಿಯೋ ಕೆಲಸದ ಹುಡುಗ ಸದ್ದಿಲ್ಲದೆ ಹೊರಗೆ ಇಳಿದುಬಿಡುತ್ತಾನೆ.

ಅದನ್ನು ನೋಡಿದ ಮೇಲೆ ಆ ಕಾಲದ ಬೇರೆ ಚಿತ್ರಗಳನ್ನೂ ಹುಡುಕಿ ನೋಡಿದೆ. ಎಲ್ಲದರಲ್ಲೂ ಇದೇ ಪ್ರಶ್ನೆ! ಅದೇ 1950ರ ‘ರಾಕೆಟ್‌ಶಿಪ್ ಎಕ್ಸ್-ಎಂ’ನಲ್ಲಿ ಮಂಗಳದಿಂದ ಮರಳುವಾಗ ಇಂಧನ ಮುಗಿಯುತ್ತದೆ. ತಾವು ಬದುಕುವುದಿಲ್ಲ ಎಂದು ಗೊತ್ತಿದ್ದೂ, ಕಂಡದ್ದನ್ನೆಲ್ಲ ರೇಡಿಯೋದಲ್ಲಿ ಭೂಮಿಗೆ ಹೇಳಿ ಮುಗಿಸುತ್ತಾರೆ. (ಇದನ್ನು ತಯಾರಿಸಿದ ಲಿಪರ್ಟ್ ಅವರ ಕಂಪನಿಯೇ ಮುಂದೆ ನಮ್ಮ ಪಕ್ಕದ ಸೇಲಂನ ಮಾಡರ್ನ್ ಥಿಯೇಟರ್ಸ್ ಜೊತೆ ಸೇರಿ 1952ರಲ್ಲಿ ‘ದಿ ಜಂಗಲ್’ ಎಂಬ ಚಿತ್ರ ಮಾಡಿತು.) 1951ರ ‘ವೆನ್ ವರ್ಲ್ಡ್ಸ್ ಕೊಲೈಡ್’ ಅಂತೂ ನೋಹನ ನಾವೆಯ ಕಥೆಯೇ. ಭೂಮಿ ನಾಶವಾಗಲಿದೆ, ರಾಕೆಟ್ಟಿನಲ್ಲಿ ಜಾಗ ಕೆಲವೇ ಜನರಿಗೆ. ಚೀಟಿ ಎತ್ತುತ್ತಾರೆ. ಕೊನೆ ಗಳಿಗೆಯಲ್ಲಿ, ರಾಕೆಟ್ ಕಟ್ಟಿಸಿದ ವಿಜ್ಞಾನಿ ಹೆಂಡ್ರನ್ ತಾನೇ ಹಿಂದೆ ಉಳಿದು ಕಿರಿಯರನ್ನು ಕಳಿಸಿಕೊಡುತ್ತಾರೆ.

ಇದನ್ನೆಲ್ಲ ನಮ್ಮ ಅಜ್ಜಿಗೆ ಹೇಳಿದೆ. ಅಜ್ಜಿ ಕೊಳ್ಳೇಗಾಲದ ಕಡೆಯವರು. 1956ರವರೆಗೆ ಅದೂ ಕೋಯಮತ್ತೂರು ಜಿಲ್ಲೆಯೇ ಆಗಿತ್ತು. ತಾತನ ಜೊತೆ ಮದುಕ್ಕರೈಗೆ ಸುಣ್ಣಕಲ್ಲಿನ ಕೆಲಸಕ್ಕೆ ಬಂದವರು ಇಲ್ಲೇ ನಿಂತರು. ಮನೆಯಲ್ಲಿ ಇಂದಿಗೂ ಕನ್ನಡ, ಬೀದಿಯಲ್ಲಿ ತಮಿಳು. ಅಜ್ಜಿ ಅಂದರು, “ಅದೇನು ದೊಡ್ಡ ವಿಷಯ, ನಾನು ‘ಕಲೈ ಅರಸಿ’ ನೋಡಿದೀನಿ. ಎಂಜಿಆರ್ ಆಗಲೇ ಬೇರೆ ಲೋಕಕ್ಕೆ ಹೋಗಿ ಬಂದಾಯ್ತು.”

ಸುಳ್ಳಲ್ಲ. ಎ. ಕಾಸಿಲಿಂಗಂ ನಿರ್ದೇಶಿಸಿದ ಆ ತಮಿಳು ಚಿತ್ರ ಬಂದಿದ್ದು 1963ರ ಏಪ್ರಿಲ್‌ನಲ್ಲಿ. ಅದರಲ್ಲಿ ಒಂದು ಗ್ರಹದವರಿಗೆ ವಿಜ್ಞಾನವೆಲ್ಲ ಗೊತ್ತು, ಸಂಗೀತ ಗೊತ್ತಿಲ್ಲ. ಅದಕ್ಕೆ ಭೂಮಿಯಿಂದ ಹಾಡುಗಾರ್ತಿ ಭಾನುಮತಿಯನ್ನು ಹೊತ್ತುಕೊಂಡು ಹೋಗುತ್ತಾರೆ. ಎಂಜಿಆರ್ ಹೋಗಿ ಕರೆತರುತ್ತಾರೆ. ಆ ವ್ಯೋಮನೌಕೆಗೆ ಇಂಧನದ ಚಿಂತೆಯೇ ಇಲ್ಲ. ನಮ್ಮವರ ಚಿಂತೆಯೇ ಬೇರೆ: ಮನೆಯಿಂದ ಹೋದವಳು ತಿರುಗಿ ಬರಬೇಕು.

“ನಮ್ಮನೇಲೂ ಹಾಡೋಳು ಹೋಗಿಬಿಟ್ಟಳು” ಅಂದರು ಅಜ್ಜಿ. ನಾನು ಮಾತು ಬದಲಿಸಿದೆ.

ನಿಮಗೆಲ್ಲ ನನ್ನ ಅಕ್ಕ ಗೊತ್ತು. ಕ್ವಾಯರ್‌ನಲ್ಲಿ ಮುಂದಿನ ಸಾಲಿನಲ್ಲಿ ಹಾಡುತ್ತಿದ್ದಳು. ಮೂರು ವರ್ಷದ ಹಿಂದೆ ನರ್ಸ್ ಕೆಲಸಕ್ಕೆ ಐರ್ಲೆಂಡ್‌ಗೆ ಹೋದಳು. ಆ ವರ್ಷವೇ ನನಗೆ ಎಂಎಸ್ಸಿ ಫಿಸಿಕ್ಸ್ ಸೀಟು ಸಿಕ್ಕಿತ್ತು. ಮನೆಯಲ್ಲಿದ್ದ ಹಣ ಒಬ್ಬರಿಗೆ ಸಾಕಾಗುವಷ್ಟು. ಅಪ್ಪ ಇಲ್ಲ, ಅಮ್ಮ ಮತ್ತು ಅಜ್ಜಿಯ ಜೊತೆ ಒಬ್ಬರು ಇರಲೇಬೇಕು. “ನಾನಿರ್ತೀನಿ” ಅಂದೆ. ಎಲ್ಲರೂ ನನ್ನನ್ನು ಹೊಗಳಿದರು. ಗುರುಗಳೂ ಪ್ರಸಂಗದಲ್ಲಿ ಹೆಸರು ಹೇಳದೆ ಮೆಚ್ಚಿ ಮಾತಾಡಿದರು.

ಆದರೆ ನಿಜ ಹೇಳುತ್ತೇನೆ, ನಾನು ಸ್ವೀನಿಯ ಹಾಗೆ ಸದ್ದಿಲ್ಲದೆ ಇಳಿಯಲಿಲ್ಲ. ಬಾಯಲ್ಲಿ ಹೂಂ ಅಂದು ಮನಸ್ಸಿನಲ್ಲಿ ಲೆಕ್ಕ ಬರೆದಿಟ್ಟುಕೊಂಡೆ. ಟ್ಯೂಷನ್ ಮುಗಿಸಿ ಬರುವಾಗೆಲ್ಲ ಆ ಲೆಕ್ಕ ಕೂಡಿಸುತ್ತಿದ್ದೆ. ಅಕ್ಕ ಫೋನ್ ಮಾಡಿದರೆ ಎರಡೇ ಮಾತು, “ಅಮ್ಮಂಗೆ ಕೊಡ್ತೀನಿ.” ಪ್ರತಿ ವಾರ ಶಾಂತಿ ಹಂಚಿಕೊಳ್ಳಲು ನಿಮ್ಮೆಲ್ಲರ ಕಡೆಗೆ ಕೈಮುಗಿಯುವ ಯುವನಾಯಕ ಸ್ವಂತ ಅಕ್ಕನ ಜೊತೆ ಮಾತು ಬಿಟ್ಟಿದ್ದ.

ಸಿನಿಮಾ ಮುಗಿದ ಮೇಲೆ ನಾನು ದೊಡ್ಡ ಮೇಷ್ಟ್ರ ಹಾಗೆ “ಯಾರು ಉಳೀಬೇಕಿತ್ತು?” ಎಂದು ನಿಮ್ಮನ್ನು ಕೇಳಿದೆ. ಉತ್ತರ ನನ್ನ ಕಡೆಗೇ ಬರುತ್ತದೆ ಎಂಬ ಆಸೆ ಒಳಗೊಳಗೇ ಇತ್ತು. ಆಗ ಪ್ಲಸ್ ಒನ್ ಓದುವ ಒಬ್ಬ ಹುಡುಗಿ ಎದ್ದು ಹೇಳಿದಳು: “ಅಣ್ಣ, ಸ್ವೀನಿ ಇಳಿದ, ಸರಿ. ಆದರೆ ಒಳಗಿದ್ದ ಮೂವರು ಬಿಟ್ಟು ಹೋಗ್ಲೇ ಇಲ್ವಲ್ಲ? ಅವರಿಗೆ ಹೋಗೋಕೆ ಮನಸ್ಸೇ ಬರ್ಲಿಲ್ಲ.”

ನಿಜ. ಅವರು ಅವನನ್ನು ಬಿಟ್ಟು ಹೊರಡುವುದಿಲ್ಲ. ಕೊನೆಯ ವ್ಯೋಮಪೋಷಾಕನ್ನೂ ರೇಡಿಯೋವನ್ನೂ ಹೊರಹಾಕುವ ಉಪಾಯ ಹುಡುಕಿ, ಅವನನ್ನು ಒಳಗೆ ಕರೆದು, ನಾಲ್ವರೂ ಒಟ್ಟಿಗೆ ಹೊರಡುತ್ತಾರೆ.

ಆ ರಾತ್ರಿ ಮಲಗಿದಾಗ ಅಕ್ಕ ಹೊರಟ ಹಿಂದಿನ ದಿನ ನೆನಪಾಯಿತು. ಎರಡು ಸೂಟ್‌ಕೇಸ್, ತಲಾ 23 ಕೆಜಿ. ತೂಗುವ ಕೊಕ್ಕೆ ತಂದು ನಾನೇ ಎತ್ತಿ ನೋಡಿದೆ. ಮೂರು ಕೆಜಿ ಹೆಚ್ಚು. ಅಕ್ಕ ಒಂದೊಂದೇ ತೆಗೆದಳು. ಉಪ್ಪಿನಕಾಯಿ ಡಬ್ಬಿ, ಹಬ್ಬದ ಸೀರೆ, ಕೊನೆಗೆ ಅವಳ ಕನ್ನಡ ಕೀರ್ತನೆ ಪುಸ್ತಕ. ಅವಳೂ ತನ್ನ ಭಾರವನ್ನೆಲ್ಲ ಇಳಿಸಿಯೇ ಹೋಗಿದ್ದಳು. ನಾನು ಕೊಕ್ಕೆಯ ಮೇಲಿನ ಅಂಕಿ ನೋಡುತ್ತಿದ್ದೆ, ಅವಳ ಮುಖ ನೋಡಲಿಲ್ಲ.

ಮರುದಿನ ಪೂಜೆ ಮುಗಿಸಿ ನಾನೇ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಇಬ್ಬರೂ ಹವಾಮಾನ ಮಾತಾಡಿದೆವು. ಆಮೇಲೆ ಅವಳೇ ಅಂದಳು, “ನಿನ್ನ ಸೀಟು ನಾನು ತಗೊಂಡೆ ಅಂತ ನಂಗೆ ಗೊತ್ತು ಕಣೋ. ನಿನ್ನ ಜೊತೆ ಮಾತಾಡೋಕೆ ಭಯ ಆಗುತ್ತೆ.” ನನಗೆ ಉತ್ತರ ಬರಲಿಲ್ಲ. ಕ್ಷಮಿಸು ಅಂದೆ. ಈ ವರ್ಷ ಮತ್ತೆ ಅರ್ಜಿ ಹಾಕು ಎಂದಳು. ಹಾಕುತ್ತೇನೋ ಇಲ್ಲವೋ, ಇನ್ನೂ ತೀರ್ಮಾನಿಸಿಲ್ಲ. ಕೀರ್ತನೆ ಪುಸ್ತಕವನ್ನು ಮಾತ್ರ ಸೋಮವಾರವೇ ಅಂಚೆಗೆ ಹಾಕಿದೆ.

ಮಿತ್ರರೇ, ‘ಕಲೈ ಅರಸಿ’ ಬಂದ ಅದೇ 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಕಾಂತೀಯ ಸಮಭಾಜಕಕ್ಕೆ ಹತ್ತಿರವಾಗಿದ್ದ ಆ ಜಾಗದಲ್ಲಿ ಸಂತ ಮೇರಿ ಮಗ್ದಲೇನಾ ಚರ್ಚ್ ಇತ್ತು, ಸುತ್ತ ಮೀನುಗಾರರ ಮನೆಗಳಿದ್ದವು. ವಿಕ್ರಂ ಸಾರಾಭಾಯಿ ಅವರು ಕೇಳಿದಾಗ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ವಿಷಯವನ್ನು ಜನರ ಮುಂದಿಟ್ಟರು. ಜನ ಒಪ್ಪಿ ಬೇರೆ ಜಾಗಕ್ಕೆ ಹೋದರು. ಚರ್ಚೇ ವಿಜ್ಞಾನಿಗಳ ಕಚೇರಿಯಾಯಿತು. ಇಂದು ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. 1969ರಲ್ಲಿ ಇಬ್ಬರು ಚಂದ್ರನ ಮೇಲೆ ನಡೆಯುವಾಗ ಮೈಕೆಲ್ ಕಾಲಿನ್ಸ್ ಒಬ್ಬರೇ ಮೇಲೆ ಸುತ್ತುತ್ತಿದ್ದರು, ಅವರನ್ನು ಮನೆಗೆ ಕರೆತರಲು. ಯಾರಾದರೂ ಹಾರಿದಾಗ ಜಾಗ ಬಿಟ್ಟುಕೊಟ್ಟವರೂ ಕಾದು ನಿಂತವರೂ ಇದ್ದೇ ಇರುತ್ತಾರೆ. ಆದರೆ ಬಿಟ್ಟುಕೊಟ್ಟವರು ಲೆಕ್ಕ ಇಟ್ಟುಕೊಂಡರೆ, ಆ ಭಾರ ಇಬ್ಬರನ್ನೂ ನೆಲಕ್ಕೆ ಎಳೆಯುತ್ತದೆ. ಇದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು.

ಮುಂದಿನ ಸಿನಿಮಾ ಸಂಜೆಗೆ ‘ಕಲೈ ಅರಸಿ’. ಅಜ್ಜಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಕಥೆಯನ್ನು ಮೊದಲೇ ಹೇಳಿಬಿಡುತ್ತಾರೆ, ಸಹಿಸಿಕೊಳ್ಳಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ: ನಿಮ್ಮ ಮನೆಯಿಂದ ದೂರ ಹೋದವರೊಬ್ಬರಿಗೆ ಈ ವಾರ ನೀವಾಗಿಯೇ ಫೋನ್ ಮಾಡಿ. “ಅಮ್ಮಂಗೆ ಕೊಡ್ತೀನಿ” ಅನ್ನಬೇಡಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.